ಎರಡು ಕಂದು ಚೀಟಿ

ಪೊಲೊಕ್ವಾನೆ
ಜುಲೈ 14, 2013, ಭಾನುವಾರ

ಪ್ರೀತಿಯ ಸೆವೆಲಾ,

ಬುಧವಾರ ನಿನ್ನ ಐವತ್ತನೆಯ ಹುಟ್ಟುಹಬ್ಬಕ್ಕೆ ಫೋನಿನಲ್ಲಿ ಹಾಡು ಹೇಳಿದೆ. ನೀನು ಆ ಪ್ರಶ್ನೆ ಕೇಳಿದ ಕೂಡಲೇ ‘ಹಲೋ, ಹಲೋ, ಲೈನ್ ಸರಿ ಇಲ್ಲ ಕಣೇ’ ಎಂದು ಇಟ್ಟುಬಿಟ್ಟೆ. ಲೈನ್ ಚೆನ್ನಾಗಿಯೇ ಇತ್ತು. ನಿನ್ನ ಅಡುಗೆಮನೆಯಲ್ಲಿ ಚಮಚ ಬಿದ್ದದ್ದೂ ನನಗೆ ಕೇಳಿಸಿತ್ತು. ಆಮೇಲೆ ನೀನು ಮೂರು ಸಲ ಮಾಡಿದೆ, ನಾನು ಫೋನನ್ನು ದಿಂಬಿನ ಕೆಳಗೆ ಇಟ್ಟು ಕುಳಿತೆ. ಐವತ್ತು ದಾಟಿದ ಗಣಿತದ ಟೀಚರ್ ಮಾಡುವ ಕೆಲಸ ನೋಡು.

ಎಂದಿನಂತೆ ಅಕ್ಕ ಎಂದು ಕರೆದು ನೀನು ಕೇಳಿದ್ದು ಇಷ್ಟೇ. ‘ಔಸಿ, ಗುಂಡು ಕೊಳ್ಳೋಕೆ ನನ್ನ ಸಂಬಳ ಒಂದೇ ಆಟಕ್ಕೆ ಸಾಕಾಗುತ್ತೆ, ಎರಡಕ್ಕಲ್ಲ. ಮರೆಯ ಪಂದ್ಯದಲ್ಲೇ ಇದ್ದುಬಿಡ್ಲಾ, ಇಲ್ಲಾ ಓಟದ ಪಂದ್ಯಕ್ಕೆ ವಾಪಸ್ ಬರ್ಲಾ? ನನ್ನ ಕೈ ನಿಂಗೆ ಗೊತ್ತಿರೋ ಅಷ್ಟು ನಂಗೇ ಗೊತ್ತಿಲ್ಲ. ಅವತ್ತೂ ನೀನು ಹೇಳಿದ ಹಾಗೇ ಕೇಳ್ದೆ, ಇವತ್ತೂ ನೀನೇ ಹೇಳು.’

ಕಾಗದಪತ್ರಗಳಲ್ಲಿ ಇವಕ್ಕೆ ಐಪಿಎಸ್‌ಸಿ, ಐಡಿಪಿಎ ಎಂದು ಉದ್ದುದ್ದ ಹೆಸರುಗಳಿವೆ. ನಮ್ಮ ಬಾಯಲ್ಲಿ ಮೊದಲಿನಿಂದಲೂ ಓಟದ ಪಂದ್ಯ, ಮರೆಯ ಪಂದ್ಯ. ಓಟದ್ದರಲ್ಲಿ ಪಿಸ್ತೂಲು ಸೊಂಟದ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇರುತ್ತದೆ, ಟೈಮರ್ ಕೂಗಿದ ಕೂಡಲೇ ಓಡುತ್ತ ರಟ್ಟಿನ ಗುರಿಗಳಿಗೆ ಎರಡೆರಡು ಗುಂಡು ಹೊಡೆಯುತ್ತ ಹೋಗಬೇಕು, ಕಬ್ಬಿಣದ ತಟ್ಟೆ ಠಣ್ ಎಂದು ಬಿದ್ದರೆ ಇಡೀ ಗುಂಪು ಕೇಕೆ ಹಾಕುತ್ತದೆ. ಮರೆಯದ್ದರಲ್ಲಿ ಪಿಸ್ತೂಲು ಅಂಗಿಯ ಕೆಳಗೆ, ಮೈ ಗೋಡೆಯ ಮರೆಯಲ್ಲಿ. ಅಲ್ಲಿ ಪ್ರತಿ ಆಟಕ್ಕೂ ಒಂದು ಕಥೆ ಓದುತ್ತಾರೆ: ನೀವು ಕಾರಿನಲ್ಲಿ ಕೂತಿದ್ದೀರಿ, ಕಳ್ಳರು ಬಂದರು, ನೀವು ಎಟಿಎಂ ಮುಂದೆ ನಿಂತಿದ್ದೀರಿ, ಕಳ್ಳರು ಬಂದರು. ಇದೆಲ್ಲ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಬರೆಯಬೇಕಾದದ್ದನ್ನು ಬರೆಯಲು ಧೈರ್ಯ ಬಾರದೆ ಸುತ್ತಿ ಬಳಸಿ ಬರುತ್ತಿದ್ದೇನೆ.

ಪ್ರಶ್ನೆಗಿಂತ ಮೊದಲು ನೀನು ಹೇಳಿದ್ದೇ ನನ್ನನ್ನು ಕೊಂದಿದ್ದು. ಕಳೆದ ತಿಂಗಳು ತ್ಸಾನೀನ್‌ನ ಪಂದ್ಯದಲ್ಲಿ ಒಂದು ಮೇಜು, ಗಲ್ಲಾಪೆಟ್ಟಿಗೆ, ಬ್ರೆಡ್ಡಿನ ಕ್ರೇಟು ಜೋಡಿಸಿ, ‘ನೀವು ನಿಮ್ಮ ಅಂಗಡಿಯಲ್ಲಿದ್ದೀರಿ, ಇಬ್ಬರು ಒಳಗೆ ಬರುತ್ತಾರೆ’ ಎಂದು ಓದಿದರಂತೆ. ‘ಎಲ್ಲರಿಗಿಂತ ಮೊದಲು ಬಂದೆ ಔಸಿ. ಆಮೇಲೆ ಬಕ್ಕಿ ಗಾಡಿ ಹಿಂದೆ ಹೋಗಿ ವಾಂತಿ ಮಾಡ್ಕೊಂಡೆ. ಹಾಲು ಹೆಚ್ಚು ಕುಡಿದ ಮಗು ಥರ!’ ಎಂದು ನಕ್ಕೆ. ನಾನೂ ನಕ್ಕೆ. ನನ್ನ ನಗು ನನಗೇ ಕೇಳಿಸಿತು ಸೆವೆಲಾ.

ನಿನ್ನ ಗಂಡ ಮಾಟೋಮೆ ಸೆಶೆಗೋದ ಅಂಗಡಿಯಲ್ಲಿ ಕಳ್ಳರ ಗುಂಡಿಗೆ ಸತ್ತದ್ದು ಹಾಗೆಯೇ ಅಲ್ಲವೇ. ಗಲ್ಲಾದ ಹಿಂದೆ, ಬ್ರೆಡ್ಡಿನ ಪಕ್ಕದಲ್ಲಿ. ಅವನನ್ನು ಮಣ್ಣು ಮಾಡಿ ಆರು ತಿಂಗಳಿಗೆ ನೀನು ‘ಇನ್ನೊಂದು ಸಲ ಯಾರಾದ್ರೂ ಬಂದ್ರೆ ಕೈಕಟ್ಟಿ ನಿಲ್ಲಲ್ಲ’ ಎಂದು ಹೊರಟಾಗ ನಿನ್ನೊಬ್ಬಳನ್ನೇ ಕಳಿಸಲಾರದೆ ನಾನೂ ಕ್ಲಬ್ಬಿಗೆ ಸೇರಿದ್ದು. ಮೊದಲ ತಿಂಗಳು ನೀನು ಪಿಸ್ತೂಲು ಎತ್ತಿದರೆ ಹೊಡೆಯದೆಯೇ ಮತ್ತೆ ಮೇಜಿನ ಮೇಲೆ ಇಡುತ್ತಿದ್ದೆ. ಒಂದು ದಿನ ಕ್ಲಬ್ಬಿನ ತರಬೇತುದಾರ ಊಮ್ ಸಾರೆಲ್ ನಮ್ಮನ್ನು ಓಟದ ಪಂದ್ಯಕ್ಕೆ ಇಳಿಸಿದರು. ನೀನು ಓಡಿ, ಹೊಡೆದು, ತಟ್ಟೆ ಬೀಳಿಸಿ, ಕೊನೆಯಲ್ಲಿ ಏದುಸಿರು ಬಿಡುತ್ತ ಕೂಗಿದ್ದು ನನಗೆ ಇವತ್ತಿಗೂ ನೆನಪಿದೆ: ‘ಇಲ್ಲಿ ಕಳ್ಳರೇ ಇಲ್ಲ ಔಸಿ! ಬರೀ ರಟ್ಟು!’ ಅವತ್ತು ರಾತ್ರಿ ಮೊದಲ ಸಲ ಮಾತ್ರೆ ಇಲ್ಲದೆ ಮಲಗಿದೆ ಎಂದು ನೀನೇ ಹೇಳಿದ್ದೆ.

ಅದನ್ನೆಲ್ಲ ಬಲ್ಲ ನಾನೇ ನಿನ್ನನ್ನು ಮರೆಯ ಪಂದ್ಯಕ್ಕೆ ಕಳಿಸಿದೆ. ಯಾಕೆ ಎಂದು ಈಗ ಬರೆಯುತ್ತೇನೆ.

2009ರ ಸೆಪ್ಟೆಂಬರ್. ಮೊಕೊಪಾನೆ ರಸ್ತೆಯ ಬಯಲಿನಲ್ಲಿ ಆಯ್ಕೆಯ ಪಂದ್ಯ. ಪ್ರಾಂತ್ಯದ ತಂಡದಲ್ಲಿ ಹೆಂಗಸರಿಗೆ ಉಳಿದಿದ್ದದ್ದು ಒಂದೇ ಜಾಗ, ಕೊನೆಗೆ ಉಳಿದವರು ನಾವಿಬ್ಬರು. ಕೊನೆಯ ಆಟಕ್ಕೆ ಮುಂಚೆ ನಿನಗಿಂತ ನಾನು ಕೂದಲೆಳೆಯಷ್ಟು ಮುಂದಿದ್ದೆ. ನಮ್ಮ ಗುಂಪಿನ ಲೆಸಿಬಾ ತನ್ನ ಹೊಟ್ಟೆ ಸವರುತ್ತ ‘ಯಾರು ಗೆದ್ರೂ ಸೋತೋರಿಗೆ ನಾನು ಕರಿದ ಮಗ್ವಿನ್ಯಾ ಉಂಡೆ ಕೊಡಿಸ್ತೀನಿ, ಗೆದ್ದೋರು ನಂಗೆ ಕೋಳಿ ಕೊಡಿಸ್ಬೇಕು’ ಎಂದು ಕಾಡುತ್ತಿದ್ದ. ನಾನು ಮೊದಲು ಓಡಿದೆ. ಆಮೇಲೆ ನೀನು. ನನಗಿಂತ ಮೂರು ಸೆಕೆಂಡು ಬೇಗ ಮುಗಿಸಿದೆ. ಮೂರು ಸೆಕೆಂಡು ಅಂದರೆ ನಮ್ಮ ಆಟದಲ್ಲಿ ಎಷ್ಟು ಎಂದು ನಿನಗೆ ಹೇಳಬೇಕಾಗಿಲ್ಲ.

ಊಮ್ ಸಾರೆಲ್ ಬಲಗಡೆಯಿಂದ ರಟ್ಟುಗಳ ತೂತು ನೋಡಿ ಅಂಕ ಕೂಗುತ್ತ ಬರುತ್ತಿದ್ದರು. ಹಿಂದಿನಿಂದ ನಾವೆಲ್ಲ ಕಂದು ಚೀಟಿ ಅಂಟಿಸಿ ತೂತು ಮುಚ್ಚುತ್ತ ಬರುತ್ತಿದ್ದೆವು, ಮುಂದಿನವರು ಹೊಡೆಯುವುದಕ್ಕೆ ರಟ್ಟು ಹೊಸದಾಗಲಿ ಎಂದು. ಅಂಕ ಕೂಗುವ ಮೊದಲು ಚೀಟಿ ಅಂಟಿಸಬಾರದು. ಅಂಟಿಸಿದರೆ ತೂತು ಯಾವುದು ಯಾರದ್ದು ಎಂದು ಗೊತ್ತಾಗುವುದಿಲ್ಲ, ಓಡಿದವರು ಮತ್ತೆ ಓಡಬೇಕು. ಗಡಿಬಿಡಿಯಲ್ಲಿ ನಾನು ಎಡಗಡೆ ಗೋಡೆಯ ಹಿಂದಿದ್ದ ರಟ್ಟಿಗೆ ಎರಡು ಚೀಟಿ ಅಂಟಿಸಿಬಿಟ್ಟೆ.

ನೋಡು, ಮತ್ತೆ ‘ಗಡಿಬಿಡಿಯಲ್ಲಿ’ ಎಂದೇ ಬರೆದೆ. ನಾಲ್ಕು ವರ್ಷ ಎಲ್ಲರಿಗೂ ಹೇಳಿ ಹೇಳಿ ಕೈಗೂ ರೂಢಿಯಾಗಿಬಿಟ್ಟಿದೆ. ಗಡಿಬಿಡಿ ಇರಲಿಲ್ಲ ಸೆವೆಲಾ. ನಾನು ಬೇಕೆಂದೇ ಎಲ್ಲರನ್ನೂ ಬಿಟ್ಟು ಆ ಗೋಡೆಯ ಹಿಂದೆ ಹೋದೆ. ನಿನ್ನ ಎರಡೂ ಗುಂಡು ನಟ್ಟನಡುವೆ ಬಿದ್ದಿದ್ದವು, ಒಂದು ಐದು ರಾಂಡ್ ನಾಣ್ಯ ಇಟ್ಟರೆ ಎರಡೂ ಮುಚ್ಚುವಷ್ಟು ಹತ್ತಿರ. ಊಮ್ ಸಾರೆಲ್ ಇನ್ನೂ ಆರು ರಟ್ಟು ಆಚೆ ಇದ್ದರು. ಅವರ ದನಿ ಕೇಳಿಸುತ್ತಲೇ ಇತ್ತು. ನಾನು ಚೀಟಿ ಕಿತ್ತು ಒಂದನ್ನು ಅಂಟಿಸಿ, ಹೆಬ್ಬೆರಳಿನಿಂದ ತೀಡಿ, ಇನ್ನೊಂದನ್ನೂ ಅಂಟಿಸಿದೆ. ತೀಡಿದೆ ಎಂಬುದನ್ನು ಬರೆಯುವಾಗ ನನಗೆ ನನ್ನ ಬೆರಳು ನೋಡಿಕೊಳ್ಳಲು ಆಗುತ್ತಿಲ್ಲ.

ಊಮ್ ಸಾರೆಲ್ ಬಂದು ನೋಡಿ ಟೋಪಿ ತೆಗೆದು ತಲೆ ಕೆರೆದುಕೊಂಡರು. ‘ಏನ್ ಟೀಚರ್, ಹೊಸಬರು ಮಾಡೋ ತಪ್ಪು ನೀನು ಮಾಡೋದಾ?’ ಎಂದರು. ನಾನು ಅತ್ತೆ. ಆ ಅಳು ಎಲ್ಲಿಂದ ಬಂತೋ, ನಿಜವಾಗಿಯೂ ಬಂತು. ನೀನು ಓಡಿ ಬಂದು ನನ್ನನ್ನು ತಬ್ಬಿಕೊಂಡೆ. ‘ಥೂ, ಇದಕ್ಕೆಲ್ಲಾ ಅಳ್ತಾರಾ? ಇನ್ನೊಂದು ಸಲ ಓಡಿದ್ರೆ ನನ್ನ ಹೊಟ್ಟೆನೂ ಕರಗುತ್ತೆ’ ಎಂದೆ. ನನ್ನ ಕಣ್ಣು ಒರೆಸಿ, ಗುಂಡಿನ ಮ್ಯಾಗಜೀನ್ ತುಂಬಿಕೊಂಡು ಹೋಗಿ ನಿಂತೆ.

ಎರಡನೆಯ ಸಲ ನೀನು ದಣಿದಿದ್ದೆ. ಬಲಗಡೆಯಿಂದ ಎಡಕ್ಕೆ ಓಡುತ್ತ ಮ್ಯಾಗಜೀನ್ ಬದಲಿಸುವಾಗ ಪಿಸ್ತೂಲಿನ ನಳಿಗೆ ಮೈಯ ಜೊತೆ ತಿರುಗಿ ಹಿಂದಕ್ಕೆ, ನಾವು ನಿಂತಿದ್ದ ಕಡೆಗೆ, ಹೊರಳಿತು. ‘ಸ್ಟಾಪ್!’ ಎಂದು ಊಮ್ ಸಾರೆಲ್ ಕೂಗಿದರು. ಆಮೇಲೆ ನಿಯಮ ನಿಯಮವೇ. ಇಡೀ ಪಂದ್ಯದಿಂದ ನೀನು ಹೊರಗೆ. ನೀನು ಯಾರ ಹತ್ತಿರವೂ ವಾದ ಮಾಡಲಿಲ್ಲ. ‘ನಿಮ್ಮ ಕಡೆ ತಿರುಗಿಸಿಬಿಟ್ನಲ್ಲಾ, ನಿಮ್ಮ ಕಡೆ’ ಎಂದು ಅಷ್ಟನ್ನೇ ಹೇಳುತ್ತಿದ್ದೆ. ಲೆಸಿಬಾ ಮಗ್ವಿನ್ಯಾ ತಂದುಕೊಟ್ಟ. ನೀನು ಅದನ್ನು ಮುರಿದು ದೊಡ್ಡ ಪಾಲು ನನಗೆ ಕೊಟ್ಟೆ, ನಾನು ತಿಂದೆ.

ಪ್ರಾಂತ್ಯದ ಬ್ಲೇಜರ್ ನನಗೆ ಬಂತು. ಶಾಲೆಯ ಪ್ರಾರ್ಥನೆಗೆ ಹಾಕಿಕೊಂಡು ಹೋದೆ, ಮಕ್ಕಳು ಚಪ್ಪಾಳೆ ಹೊಡೆದರು, ನೀನು ಬಾಗಿಲಲ್ಲಿ ನಿಂತು ಸಂತೋಷಕ್ಕೆ ಉಲುಲು ಕೂಗು ಹಾಕಿದೆ. ಅದೇ ಬ್ಲೇಜರ್ ತೊಟ್ಟುಕೊಂಡು ನಾನು ಮರುವಾರ ನಿನ್ನ ಮನೆಗೆ ಬಂದು, ನಿನ್ನ ಸೋಫಾದಲ್ಲಿ ಕುಳಿತು, ನಿನಗೆ ಬುದ್ಧಿ ಹೇಳಿದೆ. ‘ನಿನ್ನ ಸ್ವಭಾವ ಓಟದ್ದಲ್ಲ ಕಣೇ. ನೀನು ನೋಡಿ ಹೆಜ್ಜೆ ಇಡೋಳು. ಮರೆಯ ಪಂದ್ಯ ಆಡು, ಅಲ್ಲಿ ನಿಧಾನ ಇದೆ, ನಿನಗೆ ಹೊಂದುತ್ತೆ.’ ಅದರಲ್ಲಿ ಏನೇನು ಕಥೆ ಓದುತ್ತಾರೆ ಎಂದು ನನಗೆ ಗೊತ್ತಿತ್ತು. ಅಂಗಡಿಯ ಕಥೆ ಬಂದೇ ಬರುತ್ತದೆ ಎಂದೂ ಗೊತ್ತಿತ್ತು. ಆದರೆ ನಿನ್ನನ್ನು ಭಾನುವಾರ ಭಾನುವಾರ ನನ್ನ ಗುಂಪಿನಲ್ಲಿ ನೋಡುವುದು ನನ್ನ ಕೈಯಲ್ಲಿ ಆಗುತ್ತಿರಲಿಲ್ಲ. ನನಗೆ ನಿನ್ನ ಮುಖ ಕಾಣದಿದ್ದರೆ ಸಾಕಾಗಿತ್ತು. ಅಷ್ಟಕ್ಕೋಸ್ಕರ ನಿನ್ನನ್ನು ಮಾಟೋಮೆಯ ಗಲ್ಲಾದ ಹಿಂದೆ ಕೂರಿಸಿದೆ.

ಈ ನಾಲ್ಕು ವರ್ಷದಲ್ಲಿ ಪರೀಕ್ಷೆಯಲ್ಲಿ ಕಾಪಿ ಹೊಡೆದ ಹನ್ನೊಂದು ಮಕ್ಕಳನ್ನು ಹಿಡಿದಿದ್ದೇನೆ. ಒಬ್ಬಳು ಕಾಲುಚೀಲದಲ್ಲಿ ಚೀಟಿ ಇಟ್ಟುಕೊಂಡಿದ್ದಳು. ಅವಳ ತಾಯಿಯನ್ನು ಕರೆಸಿ ಅರ್ಧ ಗಂಟೆ ಭಾಷಣ ಬಿಗಿದೆ. ಆ ಹೆಂಗಸು ‘ಮಿಸ್, ನಿಮ್ಮಂಥೋರು ಇರೋದ್ರಿಂದ ಶಾಲೆ ಉಳಿದಿದೆ’ ಎಂದು ನನ್ನ ಎರಡೂ ಕೈ ಹಿಡಿದುಕೊಂಡು ಹೋದಳು.

ಇವತ್ತು ಬೆಳಿಗ್ಗೆ ಅಭ್ಯಾಸಕ್ಕೆ ಹೋದಾಗ ಊಮ್ ಸಾರೆಲ್‌ಗೆ ಎಲ್ಲವನ್ನೂ ಹೇಳಿದೆ. ಅವರು ತಮ್ಮ ಬಕ್ಕಿಯ ಹಿಂದೆ ಕುಳಿತು ಕಾಫಿ ಕುಡಿಯುತ್ತಿದ್ದರು, ಚಳಿಗೆ ಕೈ ಲೋಟದ ಸುತ್ತ ಹಿಡಿದಿದ್ದರು. ನಾನು ಮಾತು ಮುಗಿಸಿದ ಮೇಲೆ ಉಳಿದ ಕಾಫಿಯನ್ನು ಮಣ್ಣಿಗೆ ಚೆಲ್ಲಿದರು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಹಗುರವಾಗುತ್ತಿತ್ತೇನೋ. ‘ನಂಗ್ಯಾಕೆ ಹೇಳ್ತೀಯಾ? ಎರಡನೇ ಸಲ ಓಡಿದ್ದು ನಾನಾ?’ ಎಂದರು. ಆಮೇಲೆ ಕೈ ಚಾಚಿ ನನ್ನ ಕೊರಳಲ್ಲಿದ್ದ ಪಂದ್ಯ ನಡೆಸುವ ಅಧಿಕಾರಿಯ ಕಾರ್ಡು ಕೇಳಿ ಇಸಿದುಕೊಂಡರು. ನಾನು ಮನೆಗೆ ಬಂದು ಕೋಟು ಕೂಡ ಬಿಚ್ಚದೆ ಇದನ್ನು ಬರೆಯಲು ಕುಳಿತಿದ್ದೇನೆ.

ಅವತ್ತು ನಿನ್ನ ಮೊದಲ ಓಟ ಲೆಕ್ಕಕ್ಕೆ ಹೋಗಿದ್ದರೆ ಆ ಜಾಗ ನಿನ್ನದೇ. ನಿನ್ನ ಕೈ ಹಾಳಾಗಿಲ್ಲ. ದಣಿದಾಗ, ಓಡಬೇಕಿಲ್ಲದ ಓಟವನ್ನು ಓಡುವಾಗ, ಒಂದು ಸಲ ನಳಿಗೆ ಹೊರಳಿತು. ಅದು ತಪ್ಪೇ, ಅದನ್ನು ತಪ್ಪಲ್ಲ ಎನ್ನುವುದಿಲ್ಲ. ಆದರೆ ಆ ಓಟಕ್ಕೆ ನಿನ್ನನ್ನು ನಿಲ್ಲಿಸಿದ್ದು ನಾನು.

ಇನ್ನು ನಿನ್ನ ಪ್ರಶ್ನೆ. ಯಾವ ಪಂದ್ಯ ಆಡಬೇಕು ಎಂದು ನಾನು ಹೇಳುವುದಿಲ್ಲ. ನಿನಗೆ ಸಲಹೆ ಕೊಡುವ ಯೋಗ್ಯತೆಯನ್ನು ನಾನು ಕಳೆದುಕೊಂಡಿದ್ದೇನೆ. ನೀನೇ ಯೋಚಿಸಿ ತೀರ್ಮಾನ ಮಾಡು. ಕ್ಷಮಿಸು ಎಂದು ಕೇಳುವುದಕ್ಕೂ ಬಾಯಿ ಬರುತ್ತಿಲ್ಲ. ನನಗಿಂತ ಎಂಟು ತಿಂಗಳು ಚಿಕ್ಕವಳು ಎಂಬ ಒಂದೇ ಕಾರಣಕ್ಕೆ ನೀನು ಮೂವತ್ತು ವರ್ಷದಿಂದ ನನ್ನನ್ನು ಔಸಿ, ಅಕ್ಕ, ಎಂದು ಕರೆದೆ. ಇನ್ನು ಮುಂದೆ ಬರೀ ಹೆಸರು ಹಿಡಿದು ಕರೆದರೂ ನಾನು ಓಗೊಡುತ್ತೇನೆ.

ನಿನ್ನ ಮುಂದೆ ತಲೆಯೆತ್ತಲಾರದ,
ಹುನಾಡಿ

ತಾ.ಕ.: ಲಕೋಟೆಗೆ ಹಾಕಿದವಳು ಮತ್ತೆ ತೆಗೆದೆ. ಸಲಹೆ ಕೊಡುವ ಯೋಗ್ಯತೆ ಇಲ್ಲ ಎಂದು ಬರೆದದ್ದು ಅರ್ಧ ನಿಜ. ಈ ವರ್ಷ ಪ್ರಾಂತ್ಯದ ತಂಡಕ್ಕೆ ಐವತ್ತು ತುಂಬಿದ ಹೆಂಗಸರಲ್ಲಿ ಒಬ್ಬಳನ್ನು ಆರಿಸುತ್ತಾರೆ. ನಿನಗೆ ಅದು ಇನ್ನೂ ಗೊತ್ತಿಲ್ಲ, ನಾನು ಹೇಳಲಿಲ್ಲ. ನನ್ನ ಅರ್ಜಿ ಹೋಗಿ ಎರಡು ವಾರವಾಯಿತು. ಬುಧವಾರ ನೀನು ಪ್ರಶ್ನೆ ಕೇಳಿದಾಗ ನನಗೆ ಮೊದಲು ಆದದ್ದು ನಾಚಿಕೆಯಲ್ಲ. ಇವಳು ಮರೆಯ ಪಂದ್ಯದಲ್ಲೇ ಉಳಿದರೆ ಜಾಗ ನನ್ನದು ಎಂಬ ಲೆಕ್ಕ. ನಾಚಿಕೆ ಆಮೇಲೆ ಬಂತು. ಅರ್ಜಿ ವಾಪಸ್ ತೆಗೆದುಕೊಳ್ಳಬೇಕು ಎಂದು ಗೊತ್ತು, ಇಷ್ಟೆಲ್ಲ ಬರೆದ ಮೇಲೂ ಆ ಎರಡು ಸಾಲಿನ ಕಾಗದ ಬರೆಯಲು ನನಗೆ ಕೈ ಬರಲಿಲ್ಲ. ಖಾಲಿ ಅರ್ಜಿಯೊಂದನ್ನು ಇದರ ಜೊತೆ ಇಟ್ಟಿದ್ದೇನೆ, ಕೊನೆಯ ದಿನ ಈ ತಿಂಗಳ ಮೂವತ್ತೊಂದು. ಓಟದ ಪಂದ್ಯಕ್ಕೇ ಬಾ ಸೆವೆಲಾ. ನೀನೇ ಗೆಲ್ಲುತ್ತೀಯ ಎಂದು ನಿನ್ನ ಎದುರು ನಿಲ್ಲಲು ನನಗೆ ಭಯವಾಗುತ್ತದೆ. ನಾನು ನಿನಗೆ ಕೊಡಬಲ್ಲ ನಿಜವಾದ ಸಲಹೆ ಆ ಭಯ ಒಂದೇ.