ಸತ್ತ ಬೂಷ್ಟಿಗೆ ಸುಣ್ಣ ಎರಚಿದವರಿಗೆ

ಪರಿಸರ ಕಾಯುವ ಹುದ್ದೆಯಲ್ಲಿರುವ ಮಾನ್ಯರೇ,

ಸಾದಲಿಯಲ್ಲಿರುವ ನನ್ನ ಶೆಡ್ಡಿಗೆ ಕಳೆದ ವಾರ ನೀವು ಬೀಗ ಹಾಕಿದಿರಿ. ಹಾಕುವ ಮುನ್ನ ಒಳಗಿದ್ದ ಮೂಟೆಗಳ ಮೇಲೆಲ್ಲ ಸುಣ್ಣ ಎರಚಿಸಿದಿರಿ. ಮೂಟೆಯಲ್ಲಿ ಬೂಷ್ಟಿದೆ, ಊರಿನ ರೇಷ್ಮೆಹುಳುಗಳಿಗೆ ಮೈ ಬೆಳ್ಳಗೆ ಗಟ್ಟಿಯಾಗಿ ಸಾಯುವ ಸುಣ್ಣಕಟ್ಟು ರೋಗ ಹತ್ತುತ್ತದೆ ಎಂಬುದು ನಿಮ್ಮ ಕಾರಣ. ರೇಷ್ಮೆ ಸೀಮೆಯವರಿಗೆ ಬೂಷ್ಟು ಎಂದರೆ ಕೈ ತಾನಾಗಿ ಸುಣ್ಣದ ಚೀಲಕ್ಕೆ ಹೋಗುತ್ತದೆ, ಒಪ್ಪುತ್ತೇನೆ. ಆದರೆ ಅದನ್ನು ಕುದಿಸಿ, ಒಣಗಿಸಿ, ಬೀಸಿ ಪುಡಿ ಮಾಡಿದ್ದೇವೆ. ಹುರಿದ ಕಡಲೆ ಮೊಳೆಯುತ್ತದೆಯೇ, ಸ್ವಾಮಿ? ಪರೀಕ್ಷೆ ಮಾಡಿಸಿ ಎಂದರೆ, ನೋಡಿದರೇ ಗೊತ್ತಾಗುತ್ತದೆ ಎಂದಿರಿ. ಕಣ್ಣಲ್ಲೇ ಪರೀಕ್ಷೆ ಮುಗಿಯುವುದಾದರೆ ಸರ್ಕಾರ ಪ್ರಯೋಗಾಲಯಗಳನ್ನು ಯಾಕೆ ಕಟ್ಟಿಸಬೇಕು?

ನಾವು ಮಾಡುವುದು ಇಷ್ಟೇ. ಕೆಟ್ಟ ಮೊಬೈಲು, ಕಂಪ್ಯೂಟರುಗಳ ಬೋರ್ಡುಗಳಲ್ಲಿರುವ ಲೋಹವನ್ನು ಮುಚ್ಚಿದ ಡ್ರಮ್ಮಿನಲ್ಲಿ ಕರಗಿಸುತ್ತೇವೆ. ಆ ದ್ರಾವಣಕ್ಕೆ ಈ ಸತ್ತ ಬೂಷ್ಟಿನ ಪುಡಿ ಹಾಕಿದರೆ ಕರಗಿದ ಚಿನ್ನ ಅದಕ್ಕೆ ಅಂಟಿಕೊಳ್ಳುತ್ತದೆ. ಸೋಸಿ ಬೇರ್ಪಡಿಸುತ್ತೇವೆ. ಇದೇ ಬೋರ್ಡುಗಳನ್ನು ಬಯಲಲ್ಲಿ ಸುಟ್ಟು, ಆಸಿಡ್ಡನ್ನು ಕೆರೆಯ ಕಾಲುವೆಗೆ ಬಿಡುವ ಗುಜರಿಯೊಂದು ನಿಮ್ಮ ಕಚೇರಿಯ ದಾರಿಯಲ್ಲೇ ಇದೆ. ಅಲ್ಲಿಗೆ ಬೀಗವಿಲ್ಲ. ಹೊಗೆಗೆ ಬೀಗ ಹಾಕುವುದು ಕಷ್ಟವಿರಬೇಕು. ನನ್ನ ಜೊತೆ ಕೆಲಸ ಮಾಡುವ ರೂಪ ಮೊದಲು ಅಲ್ಲೇ ಇದ್ದಳು. ಅಲ್ಲಿಂದ ಅವಳು ತಂದದ್ದು ಕೆಮ್ಮು ಮಾತ್ರ. ಈಗ ನನ್ನ ಶೆಡ್ಡು ಮುಚ್ಚಿದೆ, ಅವಳು ಮತ್ತೆ ಅಲ್ಲಿಗೇ ಹೋಗುತ್ತಿದ್ದಾಳೆ.

ದೂರು ಕೊಟ್ಟ ನೆರೆಯ ಎರ್ರಪ್ಪನವರ ಮೇಲೆ ನನಗೆ ಸಿಟ್ಟಿಲ್ಲ. ಆ ರೋಗಕ್ಕೆ ಒಮ್ಮೆ ಇಡೀ ಬೆಳೆ ಕಳೆದುಕೊಂಡವರು ಅವರು. ನನ್ನ ತಾಯಿ ಅನಸೂಯಮ್ಮನವರೂ ಹುಳು ಸಾಕುವವರೇ. ಕಾಲು ತೊಳೆಯದೆ ಹೆತ್ತ ಮಗಳನ್ನೂ ಹುಳುಮನೆಯೊಳಗೆ ಬಿಡುವುದಿಲ್ಲ. ಮೊನ್ನೆ ಎರ್ರಪ್ಪನವರ ಎದುರಿಗೇ ಅಮ್ಮ ಹೇಳಿದರು: "ಸತ್ತಿರೋದು ಅಂತೀಯಲ್ಲ, ಹಂಗಾದ್ರೆ ನಮ್ ಹುಳದ್ ಮನೇಲೇ ಇಡಮ್ಮ. ಹೋದ್ರೆ ನಮ್ ಬೆಳೆ ಹೋಗ್ಲಿ."

ನನಗೆ ಭಯವಾಯಿತು. ಅದು ಅವರ ಇಡೀ ತಿಂಗಳ ದುಡಿಮೆ. ಆದರೂ ಮನೆಯಲ್ಲಿ ಉಳಿದಿದ್ದ ಪುಡಿಯನ್ನು ಹುಳುತಟ್ಟೆಗಳ ಪಕ್ಕದಲ್ಲೇ ಹರಡಿ ಬಂದೆ.

ಹುಳುಗಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಪೊರೆ ಕಳಚಿ, ಎದ್ದು ಸೊಪ್ಪು ತಿನ್ನುತ್ತಿವೆ. ಗೂಡು ಕಟ್ಟುವ ಹೊತ್ತಿಗೆ ನೀವು ಬರಬೇಕು. ಹುಳುಗಳಿಗೆ ಬೂಷ್ಟು ಹತ್ತಿದ್ದರೆ ಶೆಡ್ಡನ್ನು ನಾನೇ ಕೆಡವುತ್ತೇನೆ. ಗೂಡು ಕಟ್ಟಿದ್ದರೆ ಅದೇ ದಿನ, ಎರ್ರಪ್ಪನವರ ಎದುರಿಗೆ, ನಿಮ್ಮ ಕೈಯಾರೆ ಬೀಗ ತೆಗೆಯಬೇಕು. ಆಮೇಲೆ ರೂಪಳನ್ನು ಕರೆತರಲು ಆ ಹೊಗೆಯೊಳಕ್ಕೆ ನನ್ನ ಜೊತೆ ನೀವೂ ಬರಬೇಕು.

ಇಂತಿ,
ನಿಮ್ಮ ಅನುಮಾನಕ್ಕೆ ತಾಯಿಯ ಬೆಳೆಯನ್ನು ಪಣವಿಟ್ಟು ನಿದ್ದೆಗೆಟ್ಟಿರುವ
ಸಂಘಮಿತ್ರ, ಸಾದಲಿ