ಜರಡಿಯಲ್ಲಿ ಉಳಿದ ಹೆಬ್ಬೆಟ್ಟು

ಹೊಸದುರ್ಗ, ೧೯೭೭

ಅವ್ವಾ,

ಎಕ್ಸ್‌ರೇ ಹಿಡಿಯುವ ನಮ್ಮ ಲ್ಯಾಬಿನ ಯಂತ್ರ ನೇರ ಗೆರೆಗಳನ್ನೂ ಸೊಟ್ಟಗೆ ತೋರಿಸುತ್ತಿತ್ತು. ಅದನ್ನು ತಿದ್ದಲೆಂದೇ ನಿನ್ನ ರಾಗಿಹಿಟ್ಟಿನ ಜರಡಿ ಒಯ್ದಿದ್ದೆ. ಅದನ್ನು ಯಂತ್ರದೆದುರು ಇಟ್ಟು ಚಿತ್ರ ತೆಗೆದು, ಈ ತಂತಿಗಳೆಲ್ಲ ನೇರ ಎಂದು ಕಂಪ್ಯೂಟರಿಗೆ ಹೇಳಿದೆ. ಅದೇ ಲೆಕ್ಕದಲ್ಲಿ ಅದು ಪ್ರತಿ ಚಿತ್ರವನ್ನೂ ಎಳೆದು ನೆಟ್ಟಗೆ ಮಾಡತೊಡಗಿತು.

ಚಿತ್ರದ ಅಂಚಿನ ಒಂದು ಕಡೆ ಮಾತ್ರ ಎಲ್ಲವೂ ಬಾಗುತ್ತಿತ್ತು. ನೀನು ತೀರಿಕೊಂಡು, ಜರಡಿ ಮನೆಗೆ ಮರಳಿದ ಮೇಲೆ ತೆಗೆದ ಚಿತ್ರಗಳಲ್ಲೂ ಅದೇ ಜಾಗ, ಅದೇ ಬಾಗು.

ಇವತ್ತು ಮಧ್ಯಾಹ್ನ ಆ ಚಿತ್ರಗಳನ್ನು ನಡುಮನೆಯಲ್ಲಿ ಹರಡಿಕೊಂಡಿದ್ದಾಗ ದೊಡ್ಡಕ್ಕ ಬಗ್ಗಿ ನೋಡಿದಳು.

"ಲೇ, ಇದು ಅವ್ವನ ಹೆಬ್ಬೆಟ್ಟು ಕಣೋ. ಒತ್ತಿ ಹಿಡ್ಕಂಡೂ ಹಿಡ್ಕಂಡೂ ಅಲ್ಲಿ ತಂತಿ ಸರ್ದಿತ್ತಲ್ಲ!"

ನಿನ್ನ ತಿಥಿಯ ದಿನ ತಂದಿಟ್ಟಿದ್ದ ಜರಡಿಯನ್ನು ಅಟ್ಟದಿಂದ ಇಳಿಸಿ ನೋಡಿದೆವು. ನಾನು ನೇರವೆಂದುಕೊಂಡಿದ್ದ ತಂತಿಗಳು ಅಲ್ಲೇ ಸೊಟ್ಟಗಿದ್ದವು. ಅವನ್ನು ನೇರವೆಂದು ನಂಬಿದ ಕಂಪ್ಯೂಟರು ಉಳಿದದ್ದನ್ನೆಲ್ಲ ಅಲ್ಲಿ ಬಾಗಿಸುತ್ತಿತ್ತು. ದೊಡ್ಡಕ್ಕ ಅಲ್ಲಿ ಬೆರಳಿಡಲು ಹೋಗಿ ಕೈ ಹಿಂದೆಗೆದುಕೊಂಡಳು.

"ಜರಡಿ ತಂದ್ಕೊಡು, ಹಂಗೇ ಮಕ ತೋರ್ಸಿ ಹೋಗು" ಎಂದು ಮೂರು ಸಲ ಹೇಳಿಕಳಿಸಿದ್ದೆ ನೀನು. ಲೆಕ್ಕ ಮುಗಿಯಲಿ ಎಂದಿದ್ದೆ ನಾನು.

ಹೊಸ ಜರಡಿ ಇಟ್ಟರೆ ಒಂದೇ ದಿನದಲ್ಲಿ ಎಲ್ಲ ಸರಿಹೋಗುತ್ತದೆ. ಸಂಜೆ ಪೇಟೆಯಿಂದ ಒಂದನ್ನು ತಂದೂ ಆಯಿತು. ಅದಕ್ಕೆ ಸುತ್ತಿದ ಕಾಗದವನ್ನು ಇನ್ನೂ ಬಿಚ್ಚಿಲ್ಲ.