ದ್ವೀಪದಲ್ಲಿ ಅಪ್ಪಯ್ಯ ಕೇಳಿದ್ದು

ಉಪ್ಪುಂದ
ಭಾನುವಾರ

ಮಗಳು ಸುಪ್ರೀತಾಳಿಗೆ ಅಮ್ಮನ ಆಶೀರ್ವಾದ.

ನಾವು ಸೌಖ್ಯ. ನಿನ್ನೆ ಊರವರ ಜೊತೆ ಬೋಟಿನಲ್ಲಿ ದ್ವೀಪಕ್ಕೆ ಹೋಗಿದ್ದೆವು. ನಿನ್ನ ಅಪ್ಪಯ್ಯನೂ ಬಂದಿದ್ದರು. ಗುಡ್ಡ ಹತ್ತುವಾಗ ಕಂಡ ಕಂಡ ಮರದ ಹೆಸರು ಕೇಳಿ ಬೋಟಿನ ಚಂದಯ್ಯನ ತಲೆ ತಿಂದರು.

ಮೇಲೆ ದೈವದ ಗುಡಿಯಲ್ಲಿ ಕಾಯಿ ಒಡೆಸಿದೆವು. ಪಕ್ಕದಲ್ಲೇ ಒಂದು ದರ್ಗಾ, ಸ್ವಲ್ಪ ಆಚೆ ಒಂದು ಶಿಲುಬೆ. ಚಂದಯ್ಯ ಮೂರೂ ಕಡೆ ಕೈ ಮುಗಿದ. ಅಪ್ಪಯ್ಯ ಮಾತ್ರ ಶಿಲುಬೆಯ ಎದುರು ನಿಂತೇ ಬಿಟ್ಟರು.

"ಇಲ್ಲಿ ಎಂತ ಹೇಳಿ ಬೇಡ್ಕಂಬ್ದು?" ಎಂದು ಕೇಳಿದರು.

"ನಿಮ್ಗ್ ಎಂತ ಬೇಕೋ ಅದನ್ನೇ ಬೇಡ್ಕಣಿ" ಅಂದ ಚಂದಯ್ಯ.

ಅಪ್ಪಯ್ಯ ಚಪ್ಪಲಿ ಬಿಟ್ಟು, ತುಂಬಾ ಹೊತ್ತು ಕಣ್ಣು ಮುಚ್ಚಿ ನಿಂತರು.

ನೀನು ವಿಲ್ಸನ್‌ನನ್ನು ಮದುವೆಯಾದ ಮೇಲೆ ನಿನ್ನ ಸುದ್ದಿಯನ್ನೇ ಎತ್ತದವರು, ವಾಪಸು ಬರುವಾಗ ನನ್ನ ಹತ್ತಿರ ಸರಿದು ಕೂತು, "ಅವ್ಳ್ ಮಾಡಿದ್ ಮೀನ್ ಸಾರ್ ಅವ್ರ ಮನೆಯವ್ರ್ ತಿಂತ್ರಾ?" ಅಂದರು. ನಂಗೆ ಹ್ಯಾಂಗ್ ಗೊತ್ತು ಅಂದೆ.

ಬರುವ ಭಾನುವಾರ ಹೋಗಿ ನೋಡುವ ಅನ್ನುತ್ತಿದ್ದಾರೆ. ಬ್ರಹ್ಮಾವರದಲ್ಲಿ ಬಸ್ಸಿಳಿದು ನಿಮ್ಮ ಮನೆಗೆ ನಡೆದು ಬರಬಹುದೋ, ರಿಕ್ಷಾ ಬೇಕೋ? ಫೋನ್ ಮಾಡಿ ತಿಳಿಸು. ನನಗಲ್ಲ, ಅಪ್ಪಯ್ಯನಿಗೆ ಮಾಡು.

ನಿನ್ನ ಅಮ್ಮ,
ಕುಸುಮ